ನಿಮ್ಮ ಫೋನಿನಲ್ಲಿ ನನ್ನ ನಂಬರ್ ಉಂಟು

ಇದು ಉಡುಪಿ ಹತ್ತಿರದ ನಮ್ಮ ಊರಿನ ಭಜನಾ ಮಂದಿರದ ಹಾಲ್‌ನಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದು. ಸ್ವಸಹಾಯ ಸಂಘದ ಹೆಂಗಸರು, ಯುವಕ ಮಂಡಲದ ಹುಡುಗರು, ರಿಟೈರ್ ಆದ ಇಬ್ಬರು ಮಾಸ್ಟ್ರು, ಮಲ್ಪೆಯಿಂದ ಬೋಟಿಗೆ ಹೋಗುವ ನಾಲ್ಕೈದು ಜನ, ಹೀಗೆ ಸುಮಾರು 60 ಮಂದಿ ಸೇರಿದ್ದರು. ಬರಲಿಕ್ಕೆ ಆಗದವರು ತುಂಬಾ ಜನ ಕೇಳಿದ್ದರಿಂದ ಬರೆದು ಹಾಕುತ್ತಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಬಂದ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು 12 ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ಮಳೆಗಾಲದಲ್ಲಿ ನೀರು ಹೊಕ್ಕ ಫೋನು, ದಿನವಿಡೀ ಇದೇ ಕೆಲಸ. ಹಾಗಾಗಿ ಜನರ ಫೋನಿನೊಳಗೆ ಎಂತೆಂತ ಆ್ಯಪ್ ಇರುತ್ತದೆ, ಅವುಗಳಿಗೆ ಏನೇನು ಪರ್ಮಿಷನ್ ಕೊಟ್ಟಿರುತ್ತಾರೆ ಅಂತ ನನಗೆ ಗೊತ್ತು. ಹೆಚ್ಚಿನವರು ಎಲ್ಲದಕ್ಕೂ ಎಲ್ಲವನ್ನೂ ಕೊಟ್ಟಿರುತ್ತಾರೆ. ಆ್ಯಪ್ ಹಾಕುವಾಗ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ, ಕೆಲಸ ಬೇಗ ಆಗಬೇಕು, ಅಲೋ, ಅಲೋ ಅಂತ ಒತ್ತಿಕೊಂಡು ಹೋಗುತ್ತಾರೆ.

ಕೇಳಿದರೆ ಒಂದೇ ಉತ್ತರ: "ನನ್ನ ಹತ್ರ ಕದಿಯಲಿಕ್ಕೆ ಎಂತ ಉಂಟು ಮಾರಾಯ್ರೆ? ಬ್ಯಾಂಕಿನಲ್ಲಿ ದುಡ್ಡೂ ಇಲ್ಲ, ಮುಚ್ಚಿಡುವ ವಿಷಯವೂ ಇಲ್ಲ." ಇದನ್ನು ಕೇಳಿ ಕೇಳಿ ನನಗೆ ನಿಜವಾಗಿ ಸಂಕಟವಾಗುತ್ತದೆ. ಯಾಕೆ ಅಂತ ಹೇಳಲಿಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನನ್ನ ಅಪ್ಪ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದರು. ಇಲ್ಲಿರುವ ದೊಡ್ಡವರಿಗೆ ಪಿಗ್ಮಿ ಅಂದರೆ ವಿವರಿಸಬೇಕಾಗಿಲ್ಲ, ಹುಡುಗರಿಗಾಗಿ ಹೇಳುತ್ತೇನೆ. 1925ರಲ್ಲಿ ನಮ್ಮ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲಿ ತಂದ ಉಳಿತಾಯದ ಯೋಜನೆ ಅದು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ಬೇರೆ ಬ್ಯಾಂಕು, ಸೊಸೈಟಿಗಳೂ ಪಿಗ್ಮಿ ಶುರು ಮಾಡಿದವು. ಅಪ್ಪ ಒಂದು ಸೊಸೈಟಿಗೆ ಕಲೆಕ್ಷನ್ ಮಾಡುತ್ತಿದ್ದರು. ಬೆಳಿಗ್ಗೆ ಮೀನು ಮಾರ್ಕೆಟು, ಹತ್ತು ಗಂಟೆಗೆ ಅಂಗಡಿಗಳು, ಸಂಜೆ ಮನೆಗಳು. ಕಂಕುಳಲ್ಲಿ ಒಂದು ಬ್ಯಾಗು, ಬ್ಯಾಗಿನಲ್ಲಿ ಒಂದು ಪುಸ್ತಕ.

ಆ ಪುಸ್ತಕದಲ್ಲಿ ಅರ್ಧ ಊರು ಇತ್ತು. ಯಾರು ದಿನಾ ಎಷ್ಟು ಕಟ್ಟುತ್ತಾರೆ, ಯಾರು ಮೂರು ವಾರದಿಂದ ಕಟ್ಟಿಲ್ಲ, ಯಾರು ಗಂಡನಿಗೆ ಗೊತ್ತಿಲ್ಲದ ಹಾಗೆ ಹತ್ತು ಹತ್ತು ರೂಪಾಯಿ ಸೇರಿಸಿ ಮಗಳಿಗೆ ಕಿವಿಯ ಓಲೆ ಮಾಡಿಸಿದರು, ಎಲ್ಲವೂ. ಊಟಕ್ಕೆ ಮನೆಗೆ ಬಂದರೆ ಅಪ್ಪ ಆ ಬ್ಯಾಗನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ನಾವು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಅಮ್ಮ ಯಾವಾಗಲಾದರೂ ಸುಮ್ನೆ "ಅವರು ಈಗ ಕಟ್ತಾರಾ?" ಅಂತ ಕೇಳಿದರೆ ಅಪ್ಪನಿಂದ ಉತ್ತರ ಬರುತ್ತಿರಲಿಲ್ಲ. ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದರು, ಅಷ್ಟೇ.

ಈಗ ನಿಮ್ಮ ಕಿಸೆಯಲ್ಲಿರುವ ಫೋನ್ ತೆಗೆದು ನೋಡಿ. ಕಾಂಟ್ಯಾಕ್ಟ್ಸ್‌ನಲ್ಲಿ ಎಷ್ಟು ಹೆಸರು ಉಂಟು? ಮುನ್ನೂರು? ಆರುನೂರು? ಒಬ್ಬ ಹುಡುಗ ಹಾಲ್‌ನ ಹಿಂದಿನಿಂದ "1,140" ಅಂದ. ಅಪ್ಪನ ಪುಸ್ತಕದಲ್ಲಿ ಯಾವತ್ತೂ ಅಷ್ಟು ಜನ ಇರಲಿಲ್ಲ. ಅದರಲ್ಲಿ ಬರೀ ನಂಬರ್ ಅಲ್ಲ. "ಡಾಕ್ಟ್ರು ಶುಗರ್", "ಚಿನ್ನ ಅಡವು ಬ್ಯಾಂಕ್", "ಅಕ್ಕ ದುಬೈ", "ವಕೀಲರು ಜಾಗದ ಕೇಸು" ಅಂತೆಲ್ಲ ಸೇವ್ ಮಾಡಿರುತ್ತೇವೆ. ಹೆಸರು ನೋಡಿದರೇ ಒಂದು ಮನೆಯ ಸುಖದುಃಖ ಗೊತ್ತಾಗುತ್ತದೆ. ಆ ಒಂದು ಸಾವಿರದ ನೂರ ನಲವತ್ತು ಜನ ನಂಬರ್ ಕೊಟ್ಟದ್ದು ನಿಮಗೆ. ಯಾವುದೋ ಲೂಡೋ ಆಟಕ್ಕಲ್ಲ.

ನನ್ನ ಹತ್ರ ಏನಿದೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನಿಮ್ಮ ಹತ್ರ ನಾವೆಲ್ಲ ಇದ್ದೇವೆ.

ಇದು ನನಗೆ ಗೊತ್ತಾದದ್ದು 2021ರ ಮಳೆಗಾಲದಲ್ಲಿ. ನಮ್ಮ ಹತ್ತಿರದ ಮನೆಯ ಹುಡುಗನೊಬ್ಬನಿಗೆ ಕೆಲಸ ಹೋಗಿತ್ತು. ತಂಗಿಯ ಫೀಸಿಗೆ ಆರು ಸಾವಿರ ಕಡಿಮೆ ಬಿತ್ತು. ಯಾರ ಹತ್ತಿರ ಕೇಳುವುದಕ್ಕೂ ನಾಚಿಕೆ, ಫೋನಿನಲ್ಲೇ ಒಂದು ಸಾಲದ ಆ್ಯಪ್ ಹಾಕಿದ. ಐದು ನಿಮಿಷದಲ್ಲಿ ದುಡ್ಡು ಬಂತು, ಅದೂ ಚಾರ್ಜು ಗೀರ್ಜು ಅಂತ ಹಿಡಿದುಕೊಂಡು ನಾಲ್ಕು ಸಾವಿರ ಚಿಲ್ಲರೆ. ವಾಪಸ್ ಕಟ್ಟಲಿಕ್ಕೆ ಏಳು ದಿನ. ಹಾಕುವಾಗ ಅದು ಕಾಂಟ್ಯಾಕ್ಟ್ಸ್ ಕೇಳಿತ್ತು, ಫೋಟೋ ಕೇಳಿತ್ತು. ಕೊಡದಿದ್ದರೆ ಮುಂದೆ ಹೋಗುತ್ತಿರಲಿಲ್ಲ. ಕೊಟ್ಟ.

ಎಂಟನೇ ದಿನ ನಮ್ಮ ಅಪ್ಪನಿಗೆ ಫೋನ್ ಬಂತು. ಜೋರು ಮಳೆ, ಅಪ್ಪ ಚಾವಡಿಯಲ್ಲಿ ಕೂತಿದ್ದರು, ನಾನು ಪಕ್ಕದಲ್ಲೇ ಇದ್ದೆ. ಹಿಂದಿಯಲ್ಲಿ ಯಾರೋ ಕಿರುಚುತ್ತಿದ್ದ. ಇಂಥವನು ಕಳ್ಳ, ನೀವು ಅವನ ಜಾಮೀನುದಾರ, ದುಡ್ಡು ನೀವೇ ಕಟ್ಟಿ ಅಂತ. ಅಪ್ಪ ಯಾವ ಜಾಮೀನೂ ಹಾಕಿರಲಿಲ್ಲ. ಆ ಹುಡುಗನ ಫೋನಿನಲ್ಲಿ ಅವರ ನಂಬರ್ ಇತ್ತು, ಅಷ್ಟೇ. ಅದೇ ದಿನ ಅವನ ಹಳೇ ಮಾಸ್ಟ್ರಿಗೆ, ದೇವಸ್ಥಾನದ ಭಟ್ಟರಿಗೆ, ತಂಗಿಯ ಗೆಳತಿಯರಿಗೆ ಫೋನ್ ಹೋಯಿತು. ಮಾರನೇ ದಿನ ಅವನ ಮುಖವನ್ನು ಬೇರೆ ಯಾವುದೋ ಕೆಟ್ಟ ಚಿತ್ರಕ್ಕೆ ಅಂಟಿಸಿ ಎಲ್ಲರಿಗೂ ಕಳಿಸಿದರು. ಹುಡುಗ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ. ಏನು ಪ್ರಯೋಜನ? ಪಟ್ಟಿ ಹೋಗಿ ಎಂಟು ದಿನ ಆಗಿತ್ತು.

ಅಪ್ಪ ಫೋನ್ ಇಟ್ಟ ಮೇಲೆ ಹುಡುಗನಿಗೆ ಬೈಯಲಿಲ್ಲ. ನನ್ನ ಹತ್ತಿರ ಕೇಳಿದ್ದು ಒಂದೇ: "ನನ್ನ ನಂಬರ್ ಅವರಿಗೆ ಕೊಟ್ಟದ್ದು ಯಾರು?" ನಾನು ಆ್ಯಪ್ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು 31 ವರ್ಷ ಪುಸ್ತಕ ಹಿಡ್ಕೊಂಡು ತಿರುಗಿದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳ್ಲಿಲ್ಲ" ಅಂದರು.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ಉಳಿದದ್ದೆಲ್ಲ ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಅನ್ನುವ ವಿಷಯ.

ಆ ಹುಡುಗನಿಗೆ ಆದದ್ದು ಊರೂರಲ್ಲಿ ಆಗಿದೆ. ಅದಕ್ಕೇ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. ಸಾಲ ಕೊಡುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋನಿನ ಫೈಲು ಫೋಟೋ ಯಾವುದನ್ನೂ ಮುಟ್ಟುವ ಹಾಗಿಲ್ಲ. ಕೆವೈಸಿ ಮಾಡಲಿಕ್ಕೆ ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಾದರೆ ನಿಮ್ಮನ್ನು ಕೇಳಿ ಒಂದು ಸಲ ಮಾತ್ರ ಬಳಸಬಹುದು. ಗೂಗಲ್ ಕೂಡ 2023ರ ಮೇ ಕೊನೆಯಿಂದ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೋ ತೆಗೆದುಕೊಳ್ಳುವುದನ್ನು ನಿಷೇಧಿಸಿದೆ. ಹಾಗಾಗಿ ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ಸಾಲ ಕೊಡುವ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿತು ಅಂದರೆ ಅದು ಕಾನೂನಿನ ಹೊರಗೆ ನಿಂತಿದೆ. ಅಲ್ಲಿಂದಲೇ ವಾಪಸ್ ಬನ್ನಿ.

ಒಬ್ಬರು ಕೊಟ್ಟ ಒಪ್ಪಿಗೆಯಿಂದ ಎಷ್ಟು ಜನ ಹೋಗುತ್ತಾರೆ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಕೇಂಬ್ರಿಡ್ಜ್ ಅನಾಲಿಟಿಕಾ ಅನ್ನುವ ಹೆಸರು 2018ರಲ್ಲಿ ಪೇಪರಿನಲ್ಲಿ ಓದಿರಬಹುದು, ಚುನಾವಣಾ ಪ್ರಚಾರಕ್ಕೆ ಕೆಲಸ ಮಾಡುತ್ತಿದ್ದ ಕಂಪನಿ ಅದು. ಫೇಸ್‌ಬುಕ್ಕಿನಲ್ಲಿ ನಿಮ್ಮ ಸ್ವಭಾವ ಹೇಗೆ ಅಂತ ಹೇಳುವ ಒಂದು ಕ್ವಿಜ್ ಆ್ಯಪ್ ಇತ್ತು, ಅದರಲ್ಲಿ ಸಿಕ್ಕಿದ ಮಾಹಿತಿ ಆ ಕಂಪನಿಗೆ ಹೋಯಿತು. ಆಗಿನ ನಿಯಮದ ಪ್ರಕಾರ ನೀವು ಒಪ್ಪಿದರೆ ನಿಮ್ಮ ಫ್ರೆಂಡ್ಸ್ ವಿವರವೂ ಆ ಆ್ಯಪ್‌ಗೆ ಸಿಗುತ್ತಿತ್ತು. ಭಾರತದಲ್ಲಿ ಅದನ್ನು ಹಾಕಿಕೊಂಡವರು ಎಷ್ಟು ಗೊತ್ತಾ? 335 ಜನ. ಈ ಹಾಲ್‌ನಂಥ ಐದಾರು ಹಾಲ್ ತುಂಬುವಷ್ಟು. ಅದನ್ನು ಹಾಕಿಕೊಂಡವರ ಫ್ರೆಂಡ್ ಆದ ಕಾರಣಕ್ಕೇ ಇನ್ನೂ ಎಷ್ಟು ಭಾರತೀಯರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ 5,62,120. ಆ ಐದೂವರೆ ಲಕ್ಷ ಜನ ಯಾವುದಕ್ಕೂ ಅಲೋ ಒತ್ತಿರಲಿಲ್ಲ. ಅವರ ಪರವಾಗಿ ಅವರ ಫ್ರೆಂಡ್ ಒತ್ತಿದ್ದ.

ಇಲ್ಲಿ ಒಬ್ಬರು ಮಾಸ್ಟ್ರು ಕೇಳಿದರು, "ಟಾರ್ಚ್ ಆ್ಯಪಿಗೆ, ಆಟದ ಆ್ಯಪಿಗೆ ನಮ್ಮ ಮಾಹಿತಿ ತಗೊಂಡು ಎಂತ ಮಾಡ್ಲಿಕ್ಕೆ ಉಂಟು?" ಅಂತ. ಒಳ್ಳೆಯ ಪ್ರಶ್ನೆ.

ಟಾರ್ಚ್ ಆ್ಯಪಿನದೇ ಒಂದು ಪ್ರಸಿದ್ಧ ಕೇಸು ಉಂಟು. ಅಮೆರಿಕದಲ್ಲಿ ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್ ಅಂತ ಒಂದು ಆ್ಯಪ್, ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆದದ್ದು. ಬೆಳಕು ಕೊಡುವುದು ಬಿಟ್ಟು ಬೇರೆ ಕೆಲಸ ಇಲ್ಲ. ಆದರೆ ಫೋನ್ ಎಲ್ಲಿದೆ ಅನ್ನುವುದನ್ನೂ, ಆ ಫೋನಿನ ಗುರುತಿನ ನಂಬರನ್ನೂ ಜಾಹೀರಾತು ಕಂಪನಿಗಳಿಗೆ ಕಳಿಸುತ್ತಿತ್ತು. ನೀವು ಷರತ್ತು ಒಪ್ಪುತ್ತೀರಾ ಇಲ್ಲವಾ ಅಂತ ಉತ್ತರ ಕೊಡುವ ಮೊದಲೇ ಮಾಹಿತಿ ಹೊರಡುತ್ತಿತ್ತು ಅಂತ 2013ರಲ್ಲಿ ಅಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಕ್ರಮ ತೆಗೆದುಕೊಂಡಿತು.

ಒಂದು ಆ್ಯಪಿನೊಳಗೆ ಬರೀ ಆ ಆ್ಯಪ್ ಮಾಡಿದವರ ಕೋಡ್ ಇರುವುದಿಲ್ಲ. ಜಾಹೀರಾತು ತೋರಿಸಲಿಕ್ಕೆ ಒಂದು ಕಂಪನಿಯದ್ದು, ಎಷ್ಟು ಜನ ಬಳಸುತ್ತಾರೆ ಅಂತ ಎಣಿಸಲಿಕ್ಕೆ ಇನ್ನೊಂದು ಕಂಪನಿಯದ್ದು, ಹೀಗೆ ಬೇರೆಯವರ ತುಂಡುಗಳನ್ನು ಸೇರಿಸಿ ಆ್ಯಪ್ ಕಟ್ಟುತ್ತಾರೆ. ಆಂಡ್ರಾಯ್ಡ್‌ನಲ್ಲಿ ನೀವು ಆ್ಯಪಿಗೆ ಒಂದು ಪರ್ಮಿಷನ್ ಕೊಟ್ಟರೆ ಅದರೊಳಗಿನ ಎಲ್ಲ ತುಂಡುಗಳಿಗೂ ಕೊಟ್ಟ ಹಾಗೆ. ಮೇಲಿಂದ ಪ್ರತಿ ಫೋನಿಗೂ ಒಂದು ಅಡ್ವರ್ಟೈಸಿಂಗ್ ಐಡಿ ಇರುತ್ತದೆ. ಟಾರ್ಚಿನಲ್ಲಿ ಸಿಕ್ಕಿದ ಲೊಕೇಶನ್, ಆಟದಲ್ಲಿ ಸಿಕ್ಕಿದ ವಯಸ್ಸು, ಇನ್ನೊಂದರಲ್ಲಿ ಸಿಕ್ಕಿದ ಖರೀದಿ, ಎಲ್ಲವೂ ಒಂದೇ ಐಡಿ ಅಂತಾದರೆ ಒಬ್ಬನೇ ಮನುಷ್ಯ ಅಂತ ಜೋಡಿಸಬಹುದು. ರಾತ್ರಿಯೆಲ್ಲ ಫೋನ್ ಇರುವ ಜಾಗ ಮನೆ. ಹಗಲಿನ ಜಾಗ ಕೆಲಸ. ವಾರಕ್ಕೆ ಎರಡು ಸಲ ಹೋಗುವ ಜಾಗ ಡಯಾಲಿಸಿಸ್ ಸೆಂಟರ್ ಆದರೆ? ನೀವು ಯಾರಿಗೂ ಹೇಳದ ವಿಷಯ ಅದು.

ಆ ಐಡಿಯನ್ನು ಅಳಿಸಲಿಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರಲ್ಲಿ ಆ್ಯಡ್ಸ್, ಅಲ್ಲಿ ಡಿಲೀಟ್ ಅಡ್ವರ್ಟೈಸಿಂಗ್ ಐಡಿ. ಒಂದೇ ನಿಮಿಷದ ಕೆಲಸ. ಐಫೋನಿನಲ್ಲಿ 2021ರ ಏಪ್ರಿಲ್‌ನಿಂದ ಪ್ರತಿ ಆ್ಯಪ್ ಟ್ರ್ಯಾಕ್ ಮಾಡಲಾ ಅಂತ ಕೇಳಿಯೇ ಮುಂದೆ ಹೋಗಬೇಕು. ಬೇಡ ಅನ್ನಿ. ಬೇಡ ಅಂದರೆ ಆ್ಯಪ್ ನಿಲ್ಲುವುದಿಲ್ಲ.

ಈಗ ಕೆಲಸಕ್ಕೆ ಬರುವ. ಎಲ್ಲರಿಗೂ ಫೋನ್ ತೆಗೆಯಿರಿ ಅಂದೆ, ತೆಗೆದರು. ನೀವೂ ಓದುತ್ತಾ ಮಾಡಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವೆಸಿ ಹುಡುಕಿ. ಕೆಲವು ಫೋನಿನಲ್ಲಿ ಸೆಕ್ಯುರಿಟಿ ಜೊತೆಗೇ ಇರುತ್ತದೆ. ಅದರಲ್ಲಿ ಪರ್ಮಿಷನ್ ಮ್ಯಾನೇಜರ್. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲಿನ ಹುಡುಕುವ ಜಾಗದಲ್ಲಿ ಪರ್ಮಿಷನ್ ಅಂತ ಟೈಪ್ ಮಾಡಿ. ಈಗ ಕಾಂಟ್ಯಾಕ್ಟ್ಸ್ ಒತ್ತಿ. ನಿಮ್ಮ ಊರಿನವರ ನಂಬರ್ ಯಾರ್ಯಾರ ಕೈಯಲ್ಲಿದೆ ಅನ್ನುವ ಪಟ್ಟಿ ಅದು.

ಹಾಲ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮುಂದಿನ ಸಾಲಿನ ಅಕ್ಕ ಒಬ್ಬರ ಫೋನಿನಲ್ಲಿ ಅಂಥ 19 ಆ್ಯಪ್ ಇತ್ತು. ಫೋಟೋಗೆ ಹೂವಿನ ಚೌಕಟ್ಟು ಹಾಕುವುದು, ಪಂಚಾಂಗ, ಎರಡು ಆಟ, ಸೀರೆ ಮಾರುವುದು, ಮೊಮ್ಮಗ ಹಾಕಿಕೊಟ್ಟ ಕೀಬೋರ್ಡ್. ಪಂಚಾಂಗ ನೋಡಲಿಕ್ಕೆ ಕಾಂಟ್ಯಾಕ್ಟ್ಸ್ ಯಾಕೆ? ಒಂದೊಂದನ್ನೇ ಒತ್ತಿ ಡೋಂಟ್ ಅಲೋ ಮಾಡಿಸಿದೆ. ಹತ್ತೊಂಬತ್ತರಲ್ಲಿ ಕೊನೆಗೆ ಉಳಿದದ್ದು ಮೂರು: ಫೋನ್ ಮಾಡುವುದು, ಮೆಸೇಜು, ವಾಟ್ಸಾಪ್. "ಆ್ಯಪ್ ಹಾಳಾಗುದಿಲ್ವಾ?" ಅಂತ ಕೇಳಿದರು. ಪಂಚಾಂಗ ತೆರೆದು ತೋರಿಸಿದೆ. ಏಕಾದಶಿ ಇದ್ದಲ್ಲೇ ಇತ್ತು.

ಕೀಬೋರ್ಡಿನ ವಿಷಯ ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡ ಟೈಪ್ ಮಾಡಲಿಕ್ಕೆ ಅಂತ ನಾವು ಸಿಕ್ಕಿದ ಕೀಬೋರ್ಡ್ ಹಾಕಿಕೊಳ್ಳುತ್ತೇವೆ. ಕೀಬೋರ್ಡ್ ನೀವು ಬೆರಳಿಟ್ಟದ್ದೆಲ್ಲವನ್ನೂ ನೋಡಬಲ್ಲದು, ಪಾಸ್‌ವರ್ಡನ್ನೂ. ಹಾಕುವಾಗ ಫೋನೇ ಒಂದು ಎಚ್ಚರಿಕೆ ತೋರಿಸುತ್ತದೆ, ನಾವು ಓದದೆ ಓಕೆ ಅನ್ನುತ್ತೇವೆ. ಈಗ ಫೋನಿನ ಜೊತೆಗೆ ಬರುವ ಕೀಬೋರ್ಡಿನಲ್ಲೇ ಹೆಚ್ಚಾಗಿ ಕನ್ನಡ ಇರುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸಿಕೊಂಡರೆ ಆಯಿತು. ಬಣ್ಣ ಬಣ್ಣದ್ದು ಬೇಡ.

ಲೊಕೇಶನ್ ವಿಷಯಕ್ಕೆ ಬಂದಾಗ ಬೋಟಿಗೆ ಹೋಗುವ ಅಣ್ಣ ಒಬ್ಬರು ಎದ್ದು ನಿಂತರು. "ನಮಗೆ ಲೊಕೇಶನ್ ಇಲ್ಲದೆ ಆಗುದಿಲ್ಲ. ಸಮುದ್ರದಲ್ಲಿ ಅದೇ ದಾರಿ" ಅಂದರು. ಅವರು ಹೇಳಿದ್ದು ಸರಿ. ಇಲ್ಲಿ ಒಂದು ತಪ್ಪು ತಿಳುವಳಿಕೆ ಉಂಟು, ಅದನ್ನು ಬಿಡಿಸಬೇಕು. ಜಿಪಿಎಸ್‌ನಲ್ಲಿ ಉಪಗ್ರಹಕ್ಕೆ ನೀವು ಎಲ್ಲಿದ್ದೀರಿ ಅಂತ ಗೊತ್ತಿಲ್ಲ. ಅದು ಸುಮ್ನೆ ಸಿಗ್ನಲ್ ಕಳಿಸುತ್ತಿರುತ್ತದೆ, ಲೆಕ್ಕ ಹಾಕಿ ಜಾಗ ಕಂಡುಹಿಡಿಯುವುದು ನಿಮ್ಮ ಕೈಯಲ್ಲಿರುವ ಫೋನು. ಹಾಗಾಗಿ ಡೌನ್‌ಲೋಡ್ ಮಾಡಿಟ್ಟ ಮ್ಯಾಪ್ ಇದ್ದರೆ ನೆಟ್ ಇಲ್ಲದ ಜಾಗದಲ್ಲೂ ಅದು ನಡೆಯುತ್ತದೆ. ಜಾಗ ಗೊತ್ತಾಗುವುದರಲ್ಲಿ ಅಪಾಯ ಇಲ್ಲ. ಗೊತ್ತಾದದ್ದನ್ನು ಆ್ಯಪ್ ನೆಟ್ ಸಿಕ್ಕಿದಾಗ ಬೇರೆಯವರಿಗೆ ಕಳಿಸುವುದರಲ್ಲಿ ಇರುವುದು.

ಅದಕ್ಕೆ ಆ್ಯಪ್ ಆ್ಯಪ್‌ಗೆ ಬೇರೆ ಬೇರೆ ತೀರ್ಮಾನ ಬೇಕು. ಮ್ಯಾಪಿಗೆ ಬಳಸುವಾಗ ಮಾತ್ರ ಅಂತ ಕೊಡಿ. ಒಂದೇ ಸಲ ಬೇಕಾದ್ದಕ್ಕೆ ಈ ಸಲ ಮಾತ್ರ ಅನ್ನುವ ಆಯ್ಕೆ 2020ರ ಆಂಡ್ರಾಯ್ಡ್ 11ರಿಂದ ಉಂಟು. ಆಂಡ್ರಾಯ್ಡ್ 12ರಿಂದ ನಿಖರ ಬೇಡ, ಅಂದಾಜು ಸಾಕು ಅಂತಲೂ ಹೇಳಬಹುದು. ಅಂದಾಜು ಅಂದರೆ ಸುಮಾರು 3 ಚದರ ಕಿಲೋಮೀಟರ್ ಜಾಗದೊಳಗೆ ಎಲ್ಲೋ ಇದ್ದೀರಿ ಅಂತ ಮಾತ್ರ ಆ್ಯಪಿಗೆ ತಿಳಿಯುತ್ತದೆ. ಮಲ್ಪೆಯಲ್ಲಿ ಮಳೆ, ಮಣಿಪಾಲದಲ್ಲಿ ಬಿಸಿಲು ಅಂತ ಹೇಳಲಿಕ್ಕೆ ಹವಾಮಾನದ ಆ್ಯಪಿಗೆ ಅಷ್ಟು ಸಾಕಲ್ವಾ? ನಿಮ್ಮ ಮನೆ ಬಾವಿಕಟ್ಟೆಯವರೆಗೆ ಬರುವ ಅಗತ್ಯ ಇಲ್ಲ.

ಬಳಸದಾಗಲೂ ಅಂದರೆ ಅಲೋ ಆಲ್ ದ ಟೈಮ್ ಅಂತ ಲೊಕೇಶನ್ ಯಾವುದಕ್ಕೆ ಕೊಟ್ಟಿದ್ದೀರಿ ಅಂತ ಇವತ್ತು ರಾತ್ರಿ ನೋಡಿ. ಕಳೆದ ಫೋನ್ ಹುಡುಕುವ ವ್ಯವಸ್ಥೆಯಂಥದ್ದು ಬಿಟ್ಟರೆ ಅಲ್ಲಿ ಇರಬೇಕಾದ ಆ್ಯಪ್ ತುಂಬಾ ಕಡಿಮೆ.

ಮೈಕಿನ ವಿಷಯ ಬರದೆ ಇರುವುದಿಲ್ಲ, ಬಂತು. "ನಾವು ಮಿಕ್ಸಿ ತಗೊಳ್ಬೇಕು ಅಂತ ಮಾತಾಡಿದ್ದು, ಸಂಜೆಗೆ ಮಿಕ್ಸಿ ಜಾಹೀರಾತು. ಫೋನ್ ಕೇಳ್ತಾ ಉಂಟಾ?" ಅಮೆರಿಕದ ನಾರ್ತ್ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17 ಸಾವಿರಕ್ಕೂ ಜಾಸ್ತಿ ಆಂಡ್ರಾಯ್ಡ್ ಆ್ಯಪ್ ಪರೀಕ್ಷೆ ಮಾಡಿ ನೋಡಿದ್ದಾರೆ. ಗುಟ್ಟಾಗಿ ಮಾತು ರೆಕಾರ್ಡ್ ಮಾಡಿ ಕಳಿಸುವುದು ಅವರಿಗೆ ಒಂದರಲ್ಲೂ ಸಿಗಲಿಲ್ಲ. ಆದರೆ ಸ್ಕ್ರೀನಿನಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನೇ ಚಿತ್ರವಾಗಿ, ವಿಡಿಯೋವಾಗಿ ಬೇರೆ ಕಂಪನಿಗಳಿಗೆ ಕಳಿಸುವ ಆ್ಯಪ್‌ಗಳು ಸಿಕ್ಕಿದವು. ಮಿಕ್ಸಿಯ ಜಾಹೀರಾತು ಬರಲಿಕ್ಕೆ ಮಾತು ಕೇಳಲೇಬೇಕು ಅಂತಿಲ್ಲ. ಅದೇ ಮನೆಯ ವೈಫೈನಲ್ಲಿ ಮಗಳು ಮಿಕ್ಸಿ ಹುಡುಕಿದ್ದರೂ ಸಾಕು. ಕೇಳುತ್ತಾ ಉಂಟಾ ಅನ್ನುವ ಭಯದಲ್ಲಿ ನಾವು, ಕೇಳದೆಯೂ ಇಷ್ಟೆಲ್ಲ ಗೊತ್ತಾಗುತ್ತದೆ ಅನ್ನುವುದನ್ನು ಮರೆಯುತ್ತೇವೆ. ಅನುಮಾನ ಇದ್ದರೆ ನೋಡಿಕೊಳ್ಳಲಿಕ್ಕೆ ದಾರಿಯೂ ಉಂಟು. ಆಂಡ್ರಾಯ್ಡ್ 12ರಿಂದ ಮೈಕ್ ಅಥವಾ ಕ್ಯಾಮೆರಾ ಆನ್ ಆದರೆ ಮೇಲೆ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ಪ್ರೈವೆಸಿ ಡ್ಯಾಶ್‌ಬೋರ್ಡಿನಲ್ಲಿ ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಮೈಕ್, ಕ್ಯಾಮೆರಾ, ಲೊಕೇಶನ್ ಮುಟ್ಟಿತು ಅಂತ ಸಮಯ ಸಮೇತ ಇರುತ್ತದೆ.

ಇಷ್ಟು ಹೊತ್ತು ಹೇಳಿದ್ದು ಪ್ಲೇ ಸ್ಟೋರಿನಿಂದ ಬಂದ ಆ್ಯಪ್‌ಗಳ ವಿಷಯ. ಇದಕ್ಕಿಂತ ದೊಡ್ಡ ಕಂಟಕ ವಾಟ್ಸಾಪಿನಲ್ಲಿ ಬರುತ್ತದೆ. ಮದುವೆ ಕಾಗದ ಅಂತ, ಟ್ರಾಫಿಕ್ ಫೈನ್ ಅಂತ, ಬ್ಯಾಂಕ್ ಕೆವೈಸಿ ಅಂತ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಕಾಗದ ಅಲ್ಲ, ಆ್ಯಪ್. ಯಾವ ಮದುವೆ ಮನೆಯವರೂ ಆ್ಯಪ್ ಕಳಿಸಿ ಕರೆಯುವುದಿಲ್ಲ. ಅದು ಮೊದಲು ಎಸ್ಸೆಮ್ಮೆಸ್ ಓದುವ ಪರ್ಮಿಷನ್ ಕೇಳುತ್ತದೆ. ಕೊಟ್ಟರೆ ನಿಮ್ಮ ಓಟಿಪಿಗಳು ನಿಮಗೆ ಕಾಣುವ ಮೊದಲೇ ಅವರಿಗೆ ಹೋಗುತ್ತವೆ. ಇನ್ನು ಕೆಲವು ಆಕ್ಸೆಸಿಬಿಲಿಟಿ ಅಂತ ಕೇಳುತ್ತವೆ. ಅದು ಕಣ್ಣು ಕಾಣದವರಿಗೆ ಸಹಾಯಕ್ಕೆ ಅಂತ ಮಾಡಿದ ಒಳ್ಳೆಯ ವ್ಯವಸ್ಥೆ. ಕಳ್ಳ ಆ್ಯಪಿಗೆ ಕೊಟ್ಟರೆ ನಿಮ್ಮ ಸ್ಕ್ರೀನ್ ಓದುವುದಲ್ಲದೆ ನಿಮ್ಮ ಬದಲು ಅದೇ ಬಟನ್ ಒತ್ತಲೂ ಬರುತ್ತದೆ.

ಎಲ್ಲಕ್ಕಿಂತ ಬೇಸರದ ವಿಷಯ, ಆ ಫೈಲ್ ನಿಮಗೆ ಎಷ್ಟೋ ಸಲ ಬರುವುದು ಗುರುತಿನವರ ನಂಬರಿನಿಂದಲೇ. ಅವರ ಫೋನ್ ಮೊದಲು ಹೋಗಿರುತ್ತದೆ, ಅಲ್ಲಿಂದ ಅವರ ಪಟ್ಟಿಯಲ್ಲಿರುವವರಿಗೆಲ್ಲ ಹೊರಡುತ್ತದೆ. ಮತ್ತೆ ಅದೇ ಮಾತು, ಒಬ್ಬರ ಫೋನಿನಲ್ಲಿ ಎಲ್ಲರೂ ಇದ್ದೇವೆ. ಅಪ್ಪಿತಪ್ಪಿ ಹಾಕಿಬಿಟ್ಟರೆ ಮೊದಲು ನೆಟ್ ಬಂದ್ ಮಾಡಿ, ಫ್ಲೈಟ್ ಮೋಡಿಗೆ ಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೆಳಿಗ್ಗೆ ನೋಡುವ, ಮಗ ಬಂದ ಮೇಲೆ ಕೇಳುವ ಅಂತ ಕೂರಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯಲಿಕ್ಕೆ ಆಗುವುದು ಮೊದಲ ಕೆಲವು ಗಂಟೆಯಲ್ಲಿ. ಆಮೇಲೆ ನಿಮ್ಮ ಪಟ್ಟಿಯವರಿಗೆ ಒಂದು ಮಾತು ತಿಳಿಸಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬೇರೆಯವರ ಮಾಹಿತಿ ಅಂದ ಮೇಲೆ ಝೆರಾಕ್ಸ್ ಅಂಗಡಿಯನ್ನೂ ಹೇಳಬೇಕು. ಕಾಲೇಜ್ ಅಡ್ಮಿಷನ್ ಸಮಯದಲ್ಲಿ ಅಂಗಡಿಯವರ ವಾಟ್ಸಾಪಿಗೆ ಮಕ್ಕಳ ಮಾರ್ಕ್ಸ್‌ಕಾರ್ಡು, ಅಪ್ಪ ಅಮ್ಮನ ಆಧಾರ್ ಎಲ್ಲ ಕಳಿಸುತ್ತೇವೆ. ಪ್ರಿಂಟ್ ಸಿಕ್ಕಿತು, ಬಂದೆವು. ಫೈಲ್ ಅಲ್ಲೇ ಉಳಿಯಿತು. ಕಳಿಸಿದ ಮೆಸೇಜನ್ನು ಡಿಲೀಟ್ ಫಾರ್ ಎವ್ರಿವನ್ ಮಾಡಿ, ಕಂಪ್ಯೂಟರಿಗೆ ಇಳಿಸಿದ್ದನ್ನೂ ನಿಂತು ಅಳಿಸಿ ಅಂತ ಕೇಳಿ. ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ನಾನೂ ಅಂಗಡಿಯವನೇ. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅಂತ ಉಂಟು, ಅದನ್ನು ಆಧಾರ್‌ನವರ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಹೆಚ್ಚಿನ ಕಡೆ ಅದು ಸಾಕು.

ರಿಪೇರಿಗೆ ಫೋನ್ ಕೊಡುವಾಗಲೂ ಹಾಗೆಯೇ. ಚೀಟಿಯಲ್ಲಿ ಲಾಕ್ ಪ್ಯಾಟರ್ನ್ ಬರೆದು ಕೊಟ್ಟು ಹೋಗುತ್ತಾರೆ. ಡಿಸ್‌ಪ್ಲೇ ಬದಲಿಸಲಿಕ್ಕೆ, ಬ್ಯಾಟರಿ ಹಾಕಲಿಕ್ಕೆ ನಿಮ್ಮ ಲಾಕ್ ಬೇಡ. ಟಚ್ ಸರಿ ಉಂಟಾ ಅಂತ ನಿಮ್ಮ ಎದುರೇ ನೋಡಬಹುದು. ಸ್ಯಾಮ್‌ಸಂಗ್‌ನ ಹೊಸ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಇದೆ, ಅದನ್ನು ಹಾಕಿ ಕೊಟ್ಟರೆ ನಮಗೆ ನಿಮ್ಮ ಫೋಟೋ, ಮೆಸೇಜು, ನಂಬರು ಯಾವುದೂ ಕಾಣುವುದಿಲ್ಲ, ಕೆಲಸ ಆಗುತ್ತದೆ.

ಇನ್ನೊಂದು. ಅನ್‌ಇನ್‌ಸ್ಟಾಲ್ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅದು ನಿಮ್ಮ ಫೋನಿನಿಂದ ಆ್ಯಪನ್ನು ತೆಗೆಯುತ್ತದೆ, ಅವರ ಕಂಪ್ಯೂಟರಿನಿಂದ ನಿಮ್ಮನ್ನು ತೆಗೆಯುವುದಿಲ್ಲ. ಮೊದಲು ಆ್ಯಪಿನೊಳಗೆ ಹೋಗಿ ಡಿಲೀಟ್ ಅಕೌಂಟ್ ಹುಡುಕಿ, ಅದನ್ನು ಮಾಡಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ.

ಕಾನೂನು ಏನು ಹೇಳುತ್ತದೆ ಅಂತ ಇನ್ನೊಬ್ಬರು ಮಾಸ್ಟ್ರು ಕೇಳಿದರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಂದೇ ದನಿಯಲ್ಲಿ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿಗೆ ಹೆಸರು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. ಆಧಾರ್ ವಿರುದ್ಧ ಅವರು 2012ರಲ್ಲಿ ಕೋರ್ಟಿಗೆ ಹೋದಾಗ 80 ದಾಟಿತ್ತು. ಆ ವಯಸ್ಸಿನಲ್ಲಿ ಅವರು ಹಿಡಿದ ಹಟವನ್ನು ನೆನೆದರೆ ನನಗೆ ತುಂಬಾ ಗೌರವ ಬರುತ್ತದೆ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯ್ದೆ ಬಂತು. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳ ಮೇಲಿನ ಮುಖ್ಯ ಕಟ್ಟುಪಾಡುಗಳು ಜಾರಿಯಾಗಲಿಕ್ಕೆ 18 ತಿಂಗಳ ಅವಕಾಶ ಕೊಟ್ಟಿದ್ದಾರೆ.

ಆ ಕಾಯ್ದೆಯಲ್ಲಿ ನನಗೆ ಇಷ್ಟವಾದ ಎರಡು ಮಾತು ಉಂಟು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು ಅನ್ನುವುದು ಒಂದು. ಏನು ಮಾಹಿತಿ, ಯಾಕೆ ಬೇಕು ಅನ್ನುವ ನೋಟಿಸನ್ನು ಸಂವಿಧಾನದ ಎಂಟನೇ ಶೆಡ್ಯೂಲಿನ 22 ಭಾಷೆಯಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಕೊಡಬೇಕು ಅನ್ನುವುದು ಇನ್ನೊಂದು. ಅಂದರೆ ಅದು ಪೂರ್ತಿ ಜಾರಿಯಾದ ಮೇಲೆ ಕನ್ನಡದಲ್ಲಿ ಕೊಡಿ ಅಂತ ಕೇಳುವುದು ನಮ್ಮ ಹಕ್ಕು. ಕೊಂಕಣಿಯಲ್ಲೂ ಕೇಳಬಹುದು. ತುಳು ಆ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ, ಈ ಹಾಲ್‌ನಲ್ಲಿ ಮುಕ್ಕಾಲು ಜನರ ಮನೆಮಾತು ಅದೇ. ಅದು ನನಗೆ ನೋವಿನ ವಿಷಯ.

ಇಷ್ಟಾದರೂ ಕಾಯ್ದೆ ಮುಟ್ಟದ ಒಂದು ಜಾಗ ಉಂಟು. ಒಬ್ಬ ಮನುಷ್ಯ ತನ್ನ ಸ್ವಂತಕ್ಕೆ, ಮನೆ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಕಾಂಟ್ಯಾಕ್ಟ್ಸ್ ಪಟ್ಟಿಯನ್ನು ಹೇಗೆ ಇಟ್ಟುಕೊಂಡಿರಿ ಅಂತ ಯಾವ ಅಧಿಕಾರಿಯೂ ನಿಮ್ಮನ್ನು ಕೇಳುವುದಿಲ್ಲ. ಅಪ್ಪನ ಪುಸ್ತಕವನ್ನೂ ಊಟದ ಹೊತ್ತಿಗೆ ಕಪಾಟಿನಲ್ಲಿಡಬೇಕು ಅಂತ ಯಾವ ಕಾನೂನೂ ಹೇಳಿರಲಿಲ್ಲ.

ಮಾತು ಮುಗಿದ ಮೇಲೆ ಚಾ, ಗೋಳಿಬಜೆ ಇತ್ತು. ಒಬ್ಬರು ವಯಸ್ಸಾದ ಅಮ್ಮ, ಬೀಡಿ ಕಟ್ಟುವವರು, ಪ್ಲೇಟ್ ಬದಿಗಿಟ್ಟು ನನ್ನ ಹತ್ತಿರ ಬಂದರು. "ಈಗಾಗಲೇ ಹೋದದ್ದು ವಾಪಸ್ ಬರ್ತದಾ ಮಗಾ?" ಅಂತ ಕೇಳಿದರು. ಬರುವುದಿಲ್ಲ ಅಮ್ಮ ಅಂದೆ. ನಾಳೆ ನೀವು ಸೇವ್ ಮಾಡುವ ನಂಬರ್ ಹೋಗುವುದಿಲ್ಲ, ಅಷ್ಟು ಖಂಡಿತ. ಅವರ ಫೋನ್ ತೆಗೆದುಕೊಂಡು ನೋಡಿದೆ. ನಾಲ್ಕು ಆ್ಯಪಿಗೆ ಕಾಂಟ್ಯಾಕ್ಟ್ಸ್ ಕೊಟ್ಟಿತ್ತು. ಬೇಡದ ಎರಡನ್ನು ಅವರ ಬೆರಳಿನಿಂದಲೇ ತೆಗೆಸಿದೆ, ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ನುಣುಪಾಗಿತ್ತು, ಟಚ್ ಎರಡು ಮೂರು ಸಲ ತೆಗೆದುಕೊಳ್ಳಲಿಲ್ಲ. ಆಮೇಲೆ ಅವರು ಹಿಂದೆ ತಿರುಗಿ ತಂಗಿಯನ್ನು ಕರೆದರು. ತಂಗಿ ಚಪ್ಪಲಿ ಹಾಕಿಕೊಂಡು ಹೊರಟಾಗಿತ್ತು. "ಇವಳದ್ದೂ ಒಮ್ಮೆ ನೋಡಿ ಕೊಡು" ಅಂದರು. "ಅದರಲ್ಲಿ ನನ್ನ ನಂಬರ್ ಉಂಟಲ್ಲ."